ಭಾವನ ಉದ್ದ ಸೌಟು

ನನ್ನ ಭಾವನನ್ನು ದಯವಿಟ್ಟು ನಿಮ್ಮ ಮನೆಗೆ ಕರೆಯಬೇಡಿ! ಜಗಳಗಂಟರಲ್ಲ, ಹೊಟ್ಟೆಬಾಕರೂ ಅಲ್ಲ. ಆದರೆ ಕಿಸೆಯಲ್ಲಿ ಅಳತೆ ಟೇಪು ಇಟ್ಟುಕೊಂಡು ಬರುವ ನೆಂಟರನ್ನು ಯಾರು ತಾನೇ ಸಹಿಸಿಯಾರು?

ಭಾವ ಅಂದರೆ ನನ್ನ ಅಕ್ಕನ ಗಂಡ. ಆಲಂಕಾರಿನ ಹತ್ತಿರದ ಶಾಲೆಯೊಂದರಲ್ಲಿ ವೃತ್ತಿ ಶಿಕ್ಷಣದ ಮೇಷ್ಟ್ರು. ಬೇರೆ ಕಡೆ ಮಕ್ಕಳು ಥರ್ಮೊಕೋಲಿನ ಅಣೆಕಟ್ಟು ಮಾಡಿ, ನೀಲಿ ಬಣ್ಣ ಬಳಿದು, ಬಹುಮಾನ ತರುತ್ತಾರೆ. ಇವರ ಕ್ಲಾಸಿನಲ್ಲಿ ಆ ಸುಖವಿಲ್ಲ. ಮಾಡುವ ವಸ್ತು ಯಾರಿಗೋ, ಅವರ ಎದುರು ಮೊದಲು ಒಂದು ಗಂಟೆ ಕೂತು ನೋಡಬೇಕು. ಆಮೇಲೆಯೇ ಸುತ್ತಿಗೆ ಮುಟ್ಟುವುದು.

ಶಾಲೆಯ ಹೊರಗೂ ಅದೇ ಚಾಳಿ. ನನ್ನ ತಮ್ಮನಿಗೆ ಹೆಣ್ಣು ನೋಡಲು ಜಾಲ್ಸೂರಿಗೆ ಹೋದಾಗ ಕಾಫಿಯ ಹೊತ್ತಿಗೆ ಭಾವ ನಾಪತ್ತೆ! ಹುಡುಕಿದರೆ ಅಡುಗೆಮನೆಯಲ್ಲಿ ಒಲೆಯ ಕಟ್ಟೆ ಅಳೆಯುತ್ತಿದ್ದರು.

"ಮೂರು ಇಂಚು ಎತ್ತರ ಹೆಚ್ಚುಂಟು ಮಾರಾಯ್ರೆ. ನಿಮಗೆ ಹೆಗಲು ನೋಯ್ತದಲ್ವಾ?"

"ಹೌದು, ನಿಮಗೆ ಹೇಗೆ ಗೊತ್ತಾಯ್ತು?" ಎಂದು ಹುಡುಗಿಯ ತಾಯಿ ಬೆರಗಾದರು. ಸಂಬಂಧ ಕುದುರಲಿಲ್ಲ. ಕಟ್ಟೆ ಮಾತ್ರ ತಗ್ಗಿತು!

ಕಳೆದ ವರ್ಷ ಅವರ ಕಣ್ಣು ಶಾಲೆಯಲ್ಲಿ ಬಿಸಿಯೂಟ ಬಡಿಸುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸಿನ ಮೇಲೆ ಬಿತ್ತು. ನೂರಿಪ್ಪತ್ತು ಮಕ್ಕಳಿಗೆ ಬಗ್ಗಿ ಬಗ್ಗಿ ಬಡಿಸಿ ಅಕ್ಕನ ಸೊಂಟ ಹೋಗಿತ್ತು. ರಜೆಯ ನಂತರ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಎಂಟನೆಯ ತರಗತಿಯ ಮಕ್ಕಳು ಒಂದು ವಾರ ನೋಡಿದರು, ಅಳೆದರು, ಚಿತ್ರ ಬಿಡಿಸಿದರು. ನನ್ನದು ವೆಲ್ಡಿಂಗ್ ಅಂಗಡಿಯಾದ್ದರಿಂದ ಸೊಂಟದೆತ್ತರದ ಹಿಡಿಕೆಯ ಸೌಟು, ಸಾಂಬಾರಿನ ಬಾಲ್ದಿಗೆ ಗಾಲಿಯ ಹಲಗೆ ಎಲ್ಲ ನನ್ನ ತಲೆಗೇ ಬಂತು.

"ಭಾವ, ಇದು ಸೌಟಾ, ದೋಣಿಯ ಹುಟ್ಟಾ?"

"ನೀನು ಬೆಸೆಯುದು ಮಾಡು ಮಾರಾಯ!"

ಮಕ್ಕಳು ಅಂಗಳದಲ್ಲಿ ಮೂರು ದಿನ ನೀರು ಬಡಿಸಿ ಅಭ್ಯಾಸ ಮಾಡಿದರು. ಒಂದು ಹನಿ ಆಚೆ ಬೀಳಲಿಲ್ಲ. ಗುರುವಾರ ಉದ್ಘಾಟನೆ, ಮೊದಲ ಬಟ್ಟಲು ಹೆಡ್ ಮೇಷ್ಟ್ರದ್ದು. ಅಂದು ಸೌತೆಕಾಯಿ ಸಾಂಬಾರು. ನೀರಿನಲ್ಲಿ ಹೋಳು ಇರುವುದಿಲ್ಲವಲ್ಲ! ಸೌಟಿನ ಬಾಯಲ್ಲಿ ಸಿಕ್ಕಿಕೊಂಡ ಹೋಳುಗಳು ತಡೆದು ತಡೆದು, ಕೊನೆಗೆ ಒಟ್ಟಿಗೇ ಅವರ ಬಿಳಿ ಅಂಗಿಯ ಮೇಲೆ ಇಳಿದವು.

"ಸೋಮವಾರದಿಂದ ಈ ವೃತ್ತಿ ಶಿಕ್ಷಣದ ಪೀರಿಯಡ್ ಗಣಿತಕ್ಕೆ" ಎಂದರು ಹೆಡ್ ಮೇಷ್ಟ್ರು, ಅಂಗಿ ಒರೆಸಿಕೊಳ್ಳುತ್ತಾ. ಮಕ್ಕಳ ಮುಖ ಬಾಡಿತು. ಭಾವನಿಗೋ ಹಬ್ಬ!

"ಎಲ್ಲಿ ತಪ್ಪಿತು ಅಂತ ಗೊತ್ತಾಯ್ತಲ್ಲ ಮಕ್ಕಳೇ? ನಾಳೆ ಒಂದು ದಿನ ಉಂಟು. ಹೇಳಿ, ಎಂತ ಮಾಡುದು?"

ಸಂಜೆ ಹನ್ನೆರಡು ಮಕ್ಕಳು ನನ್ನ ಅಂಗಡಿಗೆ ನುಗ್ಗಿದರು. ಸೌಟಿನ ಬಾಯಿ ಅಗಲವಾಯಿತು, ಹಿಡಿಕೆ ಒಂದು ಗೇಣು ಕುಗ್ಗಿತು. ಈ ಸಲ ಅಭ್ಯಾಸಕ್ಕೆ ನಿಜವಾದ ಸಾಂಬಾರೇ ಬಂತು. ನನ್ನ ಅಂಗಡಿಯಲ್ಲಿ ಎರಡು ದಿನ ಇಂಗಿನ ಪರಿಮಳ!

ಶುಕ್ರವಾರ ನಾನೂ ಹೋದೆ, ನಗಲಿಕ್ಕೆಂದೇ. ಅಕ್ಕ ಸಾಲಿನುದ್ದಕ್ಕೂ ನೆಟ್ಟಗೆ ನಡೆಯುತ್ತಾ ಬಡಿಸಿದರು. ಒಂದು ಹೋಳೂ ದಾರಿ ತಪ್ಪಲಿಲ್ಲ. ಕೊನೆಯಲ್ಲಿ ಹೆಡ್ ಮೇಷ್ಟ್ರ ಎದುರು ನಿಂತರು.

"ಸಾರ್, ಹದಿನೇಳು ವರ್ಷ ಆಯ್ತು ನಾನು ಬಡಿಸ್ಲಿಕ್ಕೆ ಶುರು ಮಾಡಿ. ನಿಮಗೆ ಎಲ್ಲಿ ನೋಯುದು ಅಕ್ಕ ಅಂತ ಕೇಳಿದ್ದು ಈ ಮಕ್ಕಳು ಮಾತ್ರ. ಗಣಿತ ಬೇಕು ಸಾರ್. ಇದನ್ನೂ ತೆಗಿಬೇಡಿ."

ಹೆಡ್ ಮೇಷ್ಟ್ರು ಬಟ್ಟಲು ಮುಂದೆ ಚಾಚಿದರು. ಸೋಮವಾರ ಪೀರಿಯಡ್ ಅಲ್ಲೇ ಇತ್ತು. ರಜೆ ಮುಗಿದ ಮೇಲೆ ಅಕ್ಕನೂ ಬಂದರು.

ಆ ಶಾಲೆಯ ಗೇಟು, ಬೆಂಚು, ಕಿಟಕಿಯ ಸರಳು ಎಲ್ಲ ನಾನೇ ಬೆಸೆದುಕೊಟ್ಟದ್ದು. ಕೆಲಸಕ್ಕೆ ಹೋದಾಗಲೆಲ್ಲ ಆ ಅಕ್ಕನ ಕೈಯಿಂದಲೇ ಉಂಡವನು. ಅವರು ಬಗ್ಗಿ ಬಡಿಸುವಾಗ ನಾನು ನೋಡುತ್ತಿದ್ದದ್ದು ನನ್ನ ಬಟ್ಟಲನ್ನು ಮಾತ್ರ. ಆ ಶುಕ್ರವಾರ ಭಾವನ ಪಕ್ಕದಲ್ಲಿ ಕೂತಿದ್ದಾಗ ನನಗೆ ನಗು ಬರಲಿಲ್ಲ, ಅಳು ಬಂತು.