ಹುರುಳಿ ರಾಶಿಗೆ ನಾನು ಬೀಸಿದ ಗಾಳಿ

ಎಲೆ ಊದುವ ಬ್ಲೋವರ್‌ಗೆ ನಾಝಲ್ ಸಿಕ್ಕಿಸಿದರೆ ಅದರ ಶಕ್ತಿ ಹೆಚ್ಚುತ್ತದೆಯೇ? ಹೆಚ್ಚುತ್ತದೆ! ನಾನು ಕಣ್ಣಾರೆ ಕಂಡಿದ್ದೇನೆ. ಬಿಳಿಚೋಡಿನ ಒಂದು ಕಣದಲ್ಲಿ ಆ ದಿನ ಇದ್ದವರೆಲ್ಲ ಕಂಡಿದ್ದಾರೆ.

ಚನ್ನಗಿರಿಯ ನಮ್ಮ ಅಂಗಳಕ್ಕೆ ಪಕ್ಕದ ಮನೆಯ ಬಾದಾಮಿ ಮರ ಎಲೆ ಸುರಿಸುತ್ತದೆ. ಗುಡಿಸಿದರೆ ಸೊಂಟ ಹಿಡಿದೀತೆಂಬ ಚಿಂತೆ, ಗುಡಿಸದಿದ್ದರೆ ಹಾವು ಸೇರೀತೆಂಬ ಚಿಂತೆ. ಎರಡಕ್ಕೂ ಪರಿಹಾರವೆಂದು ಬ್ಯಾಟರಿ ಬ್ಲೋವರ್ ತರಿಸಿದೆ. ಜೊತೆಗೆ ಅದರ ಮೂತಿಗೆ ಸಿಕ್ಕಿಸುವ ಎರಡು ನಾಝಲ್ ಬಂದವು. ಒಂದು ಚಪ್ಪಟೆ, ಇನ್ನೊಂದು ಚೂಪು.

ಅಷ್ಟರಲ್ಲಿ ಬಿಳಿಚೋಡಿನಿಂದ ಹೆಂಡತಿಯ ತಮ್ಮ ಕೊಟ್ರೇಶನ ಫೋನು. ಹುರುಳಿ ಕಣಕ್ಕೆ ಹಾಕಿ ಬಡಿದು ಮೂರು ದಿನವಾಗಿದೆ, ತೂರಲು ಗಾಳಿಯೇ ಇಲ್ಲ. ಮೇಲೆ ಮೋಡ ಬೇರೆ. ಮಳೆ ಬಿದ್ದರೆ ಹುರುಳಿ ಕಣದಲ್ಲೇ ಮೊಳಕೆ!

"ಗಾಳಿ ತಾನೆ? ನಾನು ತರ್ತೀನಿ" ಎಂದೆ.

"ರೀ, ಸುಮ್ನಿರ್ರಿ" ಎಂದಳು ಹೆಂಡತಿ ಶಾಂತಾ. "ನಮ್ಮವ್ವನ ಮಿಕ್ಸಿ ರಿಪೇರಿ ಮಾಡಿದ್ದು ಸಾಲ್ದಾ?"

ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆ ಮನೆಯಲ್ಲಿ ನನಗೆ ಯಾರೂ ಒಂದು ಕೆಲಸ ಹೇಳಿಲ್ಲ. ಚಾಪೆ ಹಾಸಿ, ಚಹಾ ಕೊಟ್ಟು, "ನೀವು ಕುಂತ್ಕಳ್ರಿ ಭಾವ" ಎನ್ನುತ್ತಾರೆ. ಇದು ಮರ್ಯಾದೆಯೋ ಮುನ್ನೆಚ್ಚರಿಕೆಯೋ? ಈ ಸಲ ತೀರ್ಮಾನವಾಗಿಯೇ ಬಿಡಲಿ ಎಂದು ಬ್ಲೋವರ್, ಎರಡು ಬ್ಯಾಟರಿ, ಕಿವಿಗೆ ಹತ್ತಿ, ಗಾಯವಾದರೆ ಮುಲಾಮು, ಎಲ್ಲ ಹೊತ್ತು ಬಸ್ ಹತ್ತಿದೆ. ಶಾಂತಾಳೂ ಬಂದಳು, ಸಾಕ್ಷಿಗೆ.

ಕಣದಲ್ಲಿ ಎರಡು ರಾಶಿ. ಒಂದು ಕೊಟ್ರೇಶನ ಹೊಟ್ಟು ಬೆರೆತ ಹುರುಳಿ. ಹತ್ತು ಹೆಜ್ಜೆ ಆಚೆ, ಪಕ್ಕದ ಹೊಲದ ಹೊನ್ನಕ್ಕಜ್ಜಿಯ ತೊಗರಿ. ಅದನ್ನು ಹಸನು ಮಾಡಿ, ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ಸಗಣಿಯ ಬೆನಕನನ್ನು ಕೂರಿಸಿ ಪೂಜೆಯನ್ನೂ ಮುಗಿಸಿದ್ದರು. ಅಂಥ ರಾಶಿಯ ಹತ್ತಿರ ಚಪ್ಪಲಿ ಮೆಟ್ಟಿ ಸುಳಿಯುವಂತಿಲ್ಲ. ನಾನು ಚಪ್ಪಲಿಯನ್ನು ದೂರದಲ್ಲೇ ಬಿಟ್ಟೆ. ಆ ಮಟ್ಟಿಗೆ ನನ್ನ ನಡವಳಿಕೆ ನಿರ್ದೋಷ!

ಕೊಟ್ರೇಶ ಮೊರ ಎತ್ತಿ ಹುರುಳಿ ಸುರಿದ. ನಾನು ನಾಝಲ್ ಹಾಕದೆ, ದೂರ ನಿಂತು ಊದಿದೆ. ಹೊಟ್ಟು ಹಾರಿತು, ಕಾಳು ಕೆಳಗೆ ಬಿತ್ತು.

"ಭಾರಿ ಐತೆ ಭಾವ! ಹಿಂಗೇ ಊದ್ರಿ."

ಅಲ್ಲಿಗೆ ನಿಲ್ಲಿಸಿದ್ದರೆ ಆ ಊರಲ್ಲಿ ಇವತ್ತು ನನ್ನ ಕಥೆಯೇ ಬೇರೆ ಇರುತ್ತಿತ್ತು.

"ಇದೇನು ಮಹಾ? ತಡಿ" ಎಂದು ಚಪ್ಪಟೆ ನಾಝಲ್ ಸಿಕ್ಕಿಸಿದೆ. ಗಾಳಿ ಅಗಲವಾಗಿ ಹರಡಿತು. ಹೊಟ್ಟೂ ಹರಡಿತು, ಕೊಟ್ರೇಶನ ಕಣ್ಣಿಗೆ, ಮೂಗಿಗೆ, ಅಂಗಿಯೊಳಕ್ಕೆ.

"ತೂರಾಕೆ ಹಗೂರ ಗಾಳಿ ಬೇಕು ಭಾವ, ಬಿರುಸು ಬ್ಯಾಡ" ಎಂದ ಅವನು, ಬೆನ್ನು ಕೆರೆದುಕೊಳ್ಳುತ್ತ.

"ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚುತ್ತದೆ. ಇದು ನಿಸರ್ಗದ ನಿಯಮ!" ಎಂದು ಘೋಷಿಸಿ ಚೂಪು ನಾಝಲ್ ಹಾಕಿದೆ. ಕಳಚೀತೆಂಬ ಚಿಂತೆಗೆ ಸೈಕಲ್ ಟ್ಯೂಬ್ ಸುತ್ತಿದೆ. ಹತ್ತಿರ ಹೋಗಿ ಗುಂಡಿಯನ್ನು ಕೊನೆಯ ತನಕ ಒತ್ತಿದೆ.

ನಿಸರ್ಗ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಮೊರದಿಂದ ಸುರಿದ ಹುರುಳಿ ನೆಲಕ್ಕೆ ಬೀಳಲೇ ಇಲ್ಲ. ಹೊಟ್ಟನ್ನೂ ಹಿಂದೆ ಹಾಕಿ ಹಾರಿ, ಅಜ್ಜಿಯ ತೊಗರಿಯ ಮೇಲೆ ಇಳಿಯಿತು. ಗಾಬರಿಯಲ್ಲಿ ನಾನು ಯಂತ್ರ ನಿಲ್ಲಿಸುವ ಬದಲು ಅದರ ಮೂತಿಯನ್ನೂ ಅತ್ತಲೇ ತಿರುಗಿಸಿದೆ. ಬೂದಿಯ ಗೆರೆ ಮಾಯ. ಬೆನಕ ಪೀಠತ್ಯಾಗ ಮಾಡಿದ!

"ಅಯ್ಯಯ್ಯೋ, ನನ್ನ ರಾಶಿ!" ರಾಶಿಗೆ ಕಾವಲು ಕೂತಿದ್ದ ಅಜ್ಜಿ ಎದೆ ಬಡಿದುಕೊಂಡಳು. "ಯಾರವ್ವಾ ಇವ್ರು?"

"ನಮ್ಮನೇರೇ ಅಜ್ಜಿ" ಎಂದು ಒಪ್ಪಿಕೊಂಡ ಶಾಂತಾ, ಓಡಿ ಬಂದು ಬ್ಯಾಟರಿಯನ್ನೇ ಕಿತ್ತಳು.

ಆಮೇಲೆ ಅಕ್ಕ ತಮ್ಮ ಇಬ್ಬರೂ ನಾಝಲ್ ಕಿತ್ತೆಸೆದು, ಬ್ಯಾಟರಿ ಮತ್ತೆ ಹಾಕಿ, ಬ್ಲೋವರ್ ಅನ್ನು ದೂರ ಹಿಡಿದು ತೂರಿ, ಮೊದಲ ಹನಿ ಬೀಳುವಷ್ಟರಲ್ಲಿ ಹುರುಳಿಯನ್ನೆಲ್ಲ ಚೀಲಕ್ಕೆ ತುಂಬಿದರು. ಅಜ್ಜಿಯ ತೊಗರಿಯನ್ನು ಅವಳ ಮನೆಗೆ ಸಾಗಿಸಿ ಜರಡಿ ಹಿಡಿದದ್ದಾಯಿತು. ಜರಡಿಗೂ ಜಗ್ಗದೆ ಉಳಿದ ಹುರುಳಿಯನ್ನು ಕೈಯಲ್ಲಿ ಆರಿಸಬೇಕು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ಊರಲ್ಲಿ ನನಗೊಂದು ಕೆಲಸ ಸಿಕ್ಕಿತು!

ಅಜ್ಜಿಯ ಎದುರು ಕೂತು ಬಹಳ ಹೊತ್ತು ಆರಿಸಿದೆ. ಕೊನೆಗೆ ಅವಳೇ ಮಾತು ತೆಗೆದಳು.

"ಏನ್ ಕೆಲ್ಸ ನಿಮ್ದು, ಅಳಿಯಂದ್ರೇ?"

"ಹೈಸ್ಕೂಲ್ ಮೇಷ್ಟ್ರು ಅಜ್ಜಿ. ವಿಜ್ಞಾನ ಹೇಳ್ಕೊಡ್ತೀನಿ."

ಅಜ್ಜಿಯ ಕೈ ಅಲ್ಲೇ ನಿಂತಿತು. ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದು ಕಳವಳ ಮೂಡಿತು.

"ಮಕ್ಳು ಪಾಸಾಗ್ತಾವೇನ್ರಿ?"

ಇಷ್ಟು ವರ್ಷ ಎಷ್ಟೊಂದು ಚಿಂತೆ ಮಾಡಿದ್ದೇನೆ, ಇದೊಂದು ಮಾತ್ರ ನನಗೆ ಹೊಳೆದಿರಲಿಲ್ಲ!