ಬೀರುವಿನ ಮೇಲೆ ಬೆಳೆದ ಹುಡುಗಿ

ಹರಿಹರದಲ್ಲಿದ್ದ ನನ್ನ ಸೋದರತ್ತೆಯ ಮನೆಯಲ್ಲಿ ವಾಸವಾಗಿದ್ದವರು ಅತ್ತೆ, ಮಾಮ ಇಬ್ಬರೇ. ಆದರೆ ಒಳಗೆ ಕಾಲಿಟ್ಟವರನ್ನು ದಿಟ್ಟಿಸಿ ನೋಡುತ್ತಿದ್ದವರು ನೂರಾರು ಜನ! ಅತ್ತೆಯ ಹೆಸರು ಹೇಳಿದರೆ ಊರಿನ ಹಳಬರು ಈಗಲೂ ಗುರುತು ಹಿಡಿದಾರು. ಆದ್ದರಿಂದ ಬರೀ ಅತ್ತೆ ಎಂದಿಟ್ಟುಕೊಳ್ಳೋಣ.

ಅವರಿಗೆ ಖಾಲಿ ಹಲಗೆ ಕಂಡರೆ ಆಗುತ್ತಿರಲಿಲ್ಲ. ಕುರ್ಚಿ, ಸ್ಟೂಲು, ಹಿಟ್ಟಿನ ಪೆಟ್ಟಿಗೆ, ಮಂಚದ ಕಾಲು ಯಾವುದೂ ಅವರ ಕೈಯಿಂದ ಪಾರಾಗಲಿಲ್ಲ. ಹಳೆಯ ಕ್ಯಾಲೆಂಡರು, ವಾರಪತ್ರಿಕೆ, ಮಾಮನ ಬಟ್ಟೆ ಅಂಗಡಿಗೆ ತಾನುಗಳ ಜೊತೆ ಬರುತ್ತಿದ್ದ ಬಣ್ಣದ ಚೀಟಿ, ಎಲ್ಲದರಿಂದ ಚಿತ್ರ ಕತ್ತರಿಸಿ, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನಲ್ಲಿ ಅಂಟಿಸಿ, ಮೇಲೆ ವಾರ್ನೀಸು ಬಳಿಯುವರು. ಒಣಗಿದ ಮೇಲೆ ಎಲ್ಲಿ ಕಾಗದ, ಎಲ್ಲಿ ಮರ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ನಾವು ದಾವಣಗೆರೆಯಿಂದ ರೈಲಿನಲ್ಲಿ ಬಂದಿಳಿದು ನಡೆದರೆ, ಓಣಿಯ ತಿರುವಿನಲ್ಲೇ ವಾರ್ನೀಸಿನ ವಾಸನೆ ನಮ್ಮನ್ನು ಎದುರುಗೊಳ್ಳುತ್ತಿತ್ತು.

ಮೊದಮೊದಲು ಅಂಟಿಸಿದ್ದು ದೇವರುಗಳನ್ನೇ. ದೇವರಿರುವ ಕ್ಯಾಲೆಂಡರನ್ನು ಯಾರಾದರೂ ಕಸಕ್ಕೆ ಎಸೆಯುತ್ತಾರೆಯೇ? ಹೊಳೆಗೆ ಬಿಡಬೇಕು. ಹೊಳೆಯತನಕ ನಡೆಯಲು ಬೇಸರವಾದ ನೆರೆಹೊರೆಯವರು ತಂದು ಅತ್ತೆಯ ಮನೆಗೆ ಬಿಡತೊಡಗಿದರು. ಲಕ್ಷ್ಮಿ, ಗಣಪತಿ, ಸುಬ್ರಹ್ಮಣ್ಯ ಎಲ್ಲರೂ ಬಂದು ಕುರ್ಚಿಗಳಲ್ಲಿ ಕುಳಿತರು. ಅವರು ಕುಳಿತ ಮೇಲೆ ಅಲ್ಲಿ ಕೂರುವ ಧೈರ್ಯ ಯಾರಿಗಿದೆ? ಬಂದವರು ಕುರ್ಚಿಗಳಿಗೆ ಕೈಮುಗಿದು ಚಾಪೆಯ ಮೇಲೆ ಕೂರುತ್ತಿದ್ದರು. ಒಬ್ಬ ಅಜ್ಜಿಯಂತೂ ಸ್ಟೂಲಿಗೆ ಊದಿನಕಡ್ಡಿ ಬೆಳಗಿ ಹೋದಳು.

"ನಾ ಎಲ್ಲಿ ಕೂಡ್ಲಿ?" ಎಂದರು ಮಾಮ.

"ನೀವೇನು ದೇವ್ರಿಗಿಂತ ದೊಡ್ಡೋರೇನ್ರಿ?"

"ದೇವ್ರಿಗೆ ಗುಡಿ ಐತೆ. ನಂಗಿರೋದು ಇದೊಂದೇ ಕುರ್ಚಿ."

ಅಂದಿನಿಂದ ದೇವರುಗಳು ನಿಂತು ಮನುಷ್ಯರು ಶುರುವಾದರು. ಭಯ ಶುರುವಾದದ್ದೂ ಆಗಲೇ. ಅತ್ತೆ ಮೊದಲು ಮುಖ ಅಂಟಿಸಿ, ಕಣ್ಣಿನ ಜಾಗವನ್ನು ಹಾಗೇ ಬಿಡುತ್ತಿದ್ದರು. ಕಣ್ಣುಗಳು ಕೊನೆಗೆ. ಯಾಕೆ ಎಂದು ಕೇಳಿದರೆ, "ಮೊದ್ಲೇ ಕಣ್ಣು ಹಚ್ಚಿದ್ರೆ ನಾ ಮಾಡೋದ್ನೆಲ್ಲ ನೋಡ್ತಾವೆ ಕಣವ್ವ, ಕೈ ನಡುಗತೈತೆ" ಎನ್ನುವರು. ಕತ್ತರಿಸಿದ ಕಣ್ಣುಗಳು ಹಾರಿಹೋಗದಂತೆ ಅವನ್ನು ಅಡಿಕೆ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಮಾಮನ ಸ್ನೇಹಿತರೊಬ್ಬರು ಊಟ ಮುಗಿಸಿ, ಅಡಿಕೆಗೆಂದು ಮುಚ್ಚಳ ತೆಗೆದರು. ಡಬ್ಬಿಯ ತುಂಬ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಡಬ್ಬಿ ಕೈಜಾರಿತು. ಬೆವರುತ್ತಿದ್ದ ಆ ಮನುಷ್ಯನಿಗೆ ನೀರು ಕೊಡುವ ಬದಲು ಅತ್ತೆ, "ಕಾಲು ಎತ್ರಿ, ಒಂದು ಕಣ್ಣು ನಿಮ್ಮ ಪಾದದಡಿ ಐತೆ" ಎಂದರು.

ಇಷ್ಟೆಲ್ಲ ಕಣ್ಣು ಮೂಗುಗಳ ಹುಡುಕಾಟ ಯಾಕೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆಗೆ ಒಬ್ಬಳು ಮಗಳಿದ್ದಳು, ನನ್ನ ಓರಗೆಯವಳು. ಕೂಸಿನ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಬಿಟ್ಟಿರಲಿಲ್ಲ. ಫೋಟೋ ತೆಗೆಸಲಿಲ್ಲ, ಆಯುಷ್ಯವೂ ಉಳಿಯಲಿಲ್ಲ. ಮಾತು ಕಲಿಯುವ ಹೊತ್ತಿಗೆ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಅತ್ತೆಗೆ ಇದ್ದದ್ದು ಒಂದೇ ಭಯ, ಆ ಮುಖ ಮರೆತುಹೋದರೆ ಏನು ಗತಿ?

"ಕಣ್ಣು ನೆನಪೈತೆ, ಮೂಗು ನೆನಪೈತೆ" ಎಂದು ನಮ್ಮಮ್ಮನ ಹತ್ತಿರ ಹೇಳುತ್ತಿದ್ದರು. "ಎಲ್ಡೂ ಸೇರ್ಸಿದ್ರೆ ಬ್ಯಾರೆ ಯಾರೋ ಆಗ್ತಾಳೆ."

ಸೇರಿಸಿ ನೋಡಿದ್ದು ಮಲಗುವ ಕೋಣೆಯ ಮರದ ಬೀರುವಿನ ಮೇಲೆ. ಕಣ್ಣು ಸೋಪಿನ ಜಾಹೀರಾತಿನದು, ಕೆನ್ನೆ ಹಾಲಿನ ಪುಡಿ ಡಬ್ಬಿಯ ಕೂಸಿನದು, ಮೂಗು ಕ್ಯಾಲೆಂಡರಿನ ಬಾಲಕೃಷ್ಣನದು, ಹೀಗಾಗಿ ಸ್ವಲ್ಪ ನೀಲಿ. ಎರಡು ಬಾಗಿಲಿಗೂ ಸೇರಿ ಒಂದೇ ಮುಖ. ಮಾಮ ಅಂಗಿ ತೆಗೆಯಬೇಕೆಂದರೆ ಆ ಮುಖ ನಡುವೆ ಸೀಳಿ, ಒಂದು ಕಣ್ಣು ಕಿಟಕಿಯತ್ತ, ಇನ್ನೊಂದು ನಮ್ಮತ್ತ ತಿರುಗುತ್ತಿತ್ತು. ಬಾಗಿಲಿಗೆ ಕೈಹಾಕುವ ಮುಂಚೆ ಮಾಮ ಮೆಲ್ಲಗೆ, "ತೆಗೀತೀನವ್ವ" ಎನ್ನುತ್ತಿದ್ದರು. ನಾನು ಹಾಡಹಗಲೂ ಆ ಕೋಣೆಗೆ ಒಬ್ಬಳೇ ಹೋಗುತ್ತಿರಲಿಲ್ಲ.

ಹೋಗದಿರಲು ಇನ್ನೂ ಒಂದು ಕಾರಣವಿತ್ತು. ಆ ಹುಡುಗಿ ಬೆಳೆಯುತ್ತಿದ್ದಳು! ಒಂದು ರಜೆಯಲ್ಲಿ ನೋಡಿದಾಗ ಕೂಸು, ಮರುವರ್ಷ ನೋಡಿದರೆ ಮುಂದಿನ ಹಲ್ಲು ಬಿದ್ದಿದೆ. ನನಗೂ ಬಿದ್ದಿತ್ತು. ನನಗೆ ಜಡೆ ಬಂದರೆ ಅವಳಿಗೂ ಜಡೆ, ನಾನು ಲಂಗದಾವಣಿ ಉಟ್ಟು ಹೋದ ಸಲ ಅವಳ ಹೆಗಲ ಮೇಲೂ ದಾವಣಿ. ನಾನು ಬಾಗಿಲಿಗೆ ಬಂದ ಕೂಡಲೇ ಅತ್ತೆ ನನ್ನನ್ನು ಹಿಂದೆ ಮುಂದೆ ತಿರುಗಿಸಿ, ಗೇಣು ಹಾಕಿ ಜಡೆ ಅಳೆಯುತ್ತಿದ್ದದ್ದು ಪ್ರೀತಿಗೆ ಎಂದುಕೊಂಡಿದ್ದೆ. ಅಳತೆ ತೆಗೆದುಕೊಳ್ಳುತ್ತಿದ್ದರು! ಹಳೆಯ ಮುಖದ ಮೇಲೆ ಹೊಸ ಮುಖ ಅಂಟಿಸಿ ಅಂಟಿಸಿ ಬೀರುವಿನ ಬಾಗಿಲು ದಪ್ಪವಾಗಿ, ಮುಚ್ಚದಂತಾಯಿತು. ಕೆತ್ತಿ ಸರಿಮಾಡಲು ಬಂದ ಬಡಗಿ ಸಾಹೇಬರು ಹೊರತೆಗೆದ ಉಳಿಯನ್ನು ಮತ್ತೆ ಚೀಲಕ್ಕೆ ಹಾಕಿದರು.

"ಅಮ್ಮಾ, ನಾ ಮಾಡಿದ್ದು ಬೀರು. ಇದಕ್ಕೆ ಉಳಿ ಹಚ್ಚಾಕೆ ನನ್ನ ಕೈಯಾಗೆ ಆಗಲ್ರಿ" ಎಂದು ಕೂಲಿಯನ್ನೂ ಕೇಳದೆ ಹೋದರು.

ಹೈಸ್ಕೂಲು ಮುಗಿದ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ಕಾಲೇಜಿಗೆ ಹೋಗುವ ಆಸೆಯಿತ್ತು, ಯಾರೂ ಕೇಳಲಿಲ್ಲ. ತಾಳಿ ಕಟ್ಟಿಸಿಕೊಂಡು ಹರಿಹರಕ್ಕೆ ಹೋದಾಗ ಅತ್ತೆ ನನ್ನ ಕೊರಳನ್ನು ನೋಡಿ, ಕೈಹಿಡಿದು ಸೀದಾ ಆ ಕೋಣೆಗೆ ಕರೆದುಕೊಂಡು ಹೋದರು. ನೆಲದ ಮೇಲೆ ಕತ್ತರಿಸಿದ ಗಂಡುಗಳು ಸಾಲಾಗಿ ಮಲಗಿದ್ದರು. ಯಾರಿಗೂ ಕಣ್ಣಿರಲಿಲ್ಲ.

"ನಿನ್ನ ಓರಗೆಯೋಳು. ಅವಳ ಮನಸ್ಸು ನಿಂಗೇ ಗೊತ್ತು, ನೀನೇ ಆರ್ಸು" ಎಂದರು. "ಇವನು ಹೆಂಗೆ?"

"ಇವನು ತಲೆನೋವಿನ ಮಾತ್ರೆಯವನು ಅತ್ತಿ. ಮದುವೆಗೆ ಮೊದ್ಲೇ ತಲೆ ಹಿಡ್ಕೊಂಡಾನೆ."

"ಈ ಬನಿಯನ್ನಿನವನು?"

"ಅಂಗಿ ಇಲ್ದೆ ಹಸೆಗೆ ಬರ್ತಾನೇನು?"

ಇಬ್ಬರೂ ನಕ್ಕೆವು. ನಗುತ್ತಲೇ ತಲೆಯೆತ್ತಿ ಅವಳನ್ನು ನೋಡಿದೆ. ನನ್ನಷ್ಟೇ ಉದ್ದದ ಜಡೆ, ನನ್ನದೇ ವಯಸ್ಸು. ಆ ದಿನ ಮಾತ್ರ ಅವಳನ್ನು ಕಂಡು ನನಗೆ ಭಯವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಅವಳನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲವಲ್ಲ.

"ಬ್ಯಾಡ ಅತ್ತಿ" ಎಂದೆ. "ಇವಳು ಓದ್ಲಿ."

ನನ್ನ ದನಿ ಹೇಗಿತ್ತೋ ಏನೋ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಗಂಡುಗಳನ್ನೆಲ್ಲ ಬಾಚಿ ಎತ್ತಿಕೊಂಡು ಹೋಗಿ ಒಲೆಗೆ ಹಾಕಿ ಬಂದರು.

"ನಿಂಗೂ ಓದೋ ಮನಸ್ಸಿತ್ತೇನವ್ವ?" ಎಂದು ಕೆನ್ನೆ ಸವರಿದರು. "ಯಾರೂ ನಿನ್ನ ಕೇಳ್ಲೇ ಇಲ್ಲ, ಹೌದಲ್ಲ?"

ಮದುವೆಯಲ್ಲಿ ಬಾರದ ಅಳು ಆಗ ಬಂತು. ಅಳು ಮುಗಿಯುವವರೆಗೂ ಅತ್ತೆ ನನ್ನನ್ನು ಮಡಿಲಲ್ಲಿ ಹಾಕಿಕೊಂಡಿದ್ದರು. ಆಮೇಲೆ ಪತ್ರಿಕೆಗಳ ಕಟ್ಟನ್ನು ಎಳೆದು, ಯಾರಿಗೂ ಮುಟ್ಟಗೊಡದ ತಮ್ಮ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಸಂಜೆಯ ರೈಲಿನ ಹೊತ್ತಾಗುವವರೆಗೆ ನಾವಿಬ್ಬರೂ ಕುಳಿತು, ಅವಳ ಕೈಗೆ ಒಪ್ಪುವಂಥ ಒಂದು ಪುಸ್ತಕ ಹುಡುಕಿದೆವು.