ನಿಖರ ಗುಳಿಗೆ ಕೋಶದ ಏಳು ಕಪಾಟುಗಳು

ಯಲಬುರ್ಗಾ ತಾಲ್ಲೂಕಿನ ರೋಗಿಗಳು ತಾವು ನುಂಗುವ ಗುಳಿಗೆಗಳ ಬಗ್ಗೆ ನಿಖರವಾದ ಹೇಳಿಕೆ ನೀಡುವುದಿಲ್ಲ ಎಂಬುದು ಕಳೆದ ವರ್ಷ ಅಧಿಕೃತವಾಗಿ ಸಾಬೀತಾಯಿತು. ಈ ಲೋಪವನ್ನು ಸರಿಪಡಿಸಲು ಬಸ್ ನಿಲ್ದಾಣದ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ನಿಖರ ಗುಳಿಗೆ ಕೋಶ ಸ್ಥಾಪನೆಯಾಯಿತು. ನಾನು ಆ ಕೋಶದ ವಿಷಯ ನಿರ್ವಾಹಕ. ಅಲ್ಲಿ ನಡೆದದ್ದೆಲ್ಲ ನಿಯಮದಂತೆಯೇ ನಡೆದಿದೆ ಎಂದು ಮೊದಲಿಗೇ ದೃಢೀಕರಿಸುತ್ತೇನೆ.

ಲೋಪದ ಸ್ವರೂಪ ಹೀಗಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಗುಳಿಗೆಗಳನ್ನು ತಂದ ದಿನವೇ ಅವುಗಳ ಕಾಗದ ಬಿಡಿಸಿ ಎಲೆ-ಅಡಿಕೆಯ ಸಂಚಿಗೆ ಹಾಕಿಕೊಳ್ಳುತ್ತಾರೆ. ಸುಣ್ಣದ ಡಬ್ಬಿಯ ಪಕ್ಕದ ಖಾನೆಯಲ್ಲಿ ಬಿ.ಪಿ., ಅಡಿಕೆಯ ಖಾನೆಯಲ್ಲಿ ಸಕ್ಕರೆ ಕಾಯಿಲೆ. ಡಾಕ್ಟರು ಯಾವ ಗುಳಿಗೆ ಎಂದು ಕೇಳಿದರೆ "ಬಿಳೇದು ಒಂದು, ಗುಲಾಬೀದು ಅರ್ಧ" ಎನ್ನುತ್ತಾರೆ. ಇನ್ನು ಯಲಬುರ್ಗಾದ ಡಾಕ್ಟರ ಮುಂದೆ ಗಂಗಾವತಿಯ ಡಾಕ್ಟರ ಗುಳಿಗೆಯ ಸುದ್ದಿ ಎತ್ತುವುದು ಮರ್ಯಾದೆಗೇಡು ಎಂದು ಅದನ್ನು ಸೊಂಟದಲ್ಲೇ ಮುಚ್ಚಿಟ್ಟುಕೊಳ್ಳುತ್ತಾರೆ.

ಆದ್ದರಿಂದ ಕೋಶವು ಈ ಕೆಳಗಿನ ಪ್ರಕಟಣೆ ಹೊರಡಿಸಿತು.

"ರೋಗಿಗಳು ತಾವು ನುಂಗುತ್ತಿರುವ ಸಕಲ ಗುಳಿಗೆಗಳನ್ನು ಕೋಶಕ್ಕೆ ತಂದು ತೋರಿಸಿ, ತತ್ಸಂಬಂಧ ನಿಖರ ಹೇಳಿಕೆಯ ಪ್ರಮಾಣಪತ್ರ ಪಡೆಯತಕ್ಕದ್ದು. ತತ್ಸಂಬಂಧ ಪ್ರಮಾಣಪತ್ರವಿಲ್ಲದವರನ್ನು ಯಾವುದೇ ಶಸ್ತ್ರಚಿಕಿತ್ಸೆಗೆ ಪರಿಗಣಿಸಲಾಗುವುದಿಲ್ಲ."

ಇದರ ಕರಡು ನನ್ನದೇ. ಕೋಶಾಧಿಕಾರಿ ಅಮರಪ್ಪನವರು ಓದಿ ಮೆಚ್ಚಿ, ಇನ್ನೂ ಒಂದು ಕಡೆ 'ತತ್ಸಂಬಂಧ' ಹಾಕಬಹುದಿತ್ತು ಎಂದರು.

ಮೊದಲಿಗೆ ಗುಳಿಗೆ ತೋರಿಸುವುದಷ್ಟೇ ಇತ್ತು. ಆದರೆ ಅಮರಪ್ಪನವರು ಕುಷ್ಟಗಿಯಲ್ಲಿ ಅಂಗಡಿ ಇಟ್ಟಿರುವ ತಮ್ಮ ಷಡ್ಡಕರಿಂದ ಏಳು ಕಬ್ಬಿಣದ ಕಪಾಟುಗಳನ್ನು ಆಗಲೇ ತರಿಸಿಬಿಟ್ಟಿದ್ದರು. ಕೋಣೆಯಲ್ಲಿ ಕಪಾಟುಗಳು ನಿಂತ ಮೇಲೆ ನಮಗೆ ನಿಲ್ಲಲು ಜಾಗವಿರಲಿಲ್ಲ, ಅದು ದೊಡ್ಡ ಮಾತಲ್ಲ. ಕಪಾಟು ಖಾಲಿ ಇದ್ದರೆ ತಪಾಸಣೆಯವರು ಯಾಕೆ ತರಿಸಿದಿರಿ ಎಂದು ಕೇಳುತ್ತಾರೆ. ಹೀಗಾಗಿ ನಿಯಮ ನಾಲ್ಕು (ಬಿ) ಜಾರಿಗೆ ಬಂತು. ತೋರಿಸಿದ ಗುಳಿಗೆಗಳನ್ನು ಮೂಲದಲ್ಲಿಯೇ ಕೋಶಕ್ಕೆ ಒಪ್ಪಿಸಬೇಕು, ಕೊಪ್ಪಳದ ಜಿಲ್ಲಾ ಕಚೇರಿಯಿಂದ ಪರಿಶೀಲನೆ ಮುಗಿದ ಮೇಲೆ ಹಿಂದಿರುಗಿಸಲಾಗುವುದು. ಒಬ್ಬರು ಜೆರಾಕ್ಸ್ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುವುದಿಲ್ಲ ಎಂದು ಲಿಖಿತವಾಗಿ ತಿಳಿಸಲಾಯಿತು.

ತಳಕಲ್ಲಿನ ಹಜರತಬೀ ತಮ್ಮ ಸೊಸೆ ನಾಹೀದಾಳನ್ನು ಕರೆದುಕೊಂಡು ಬಸ್ಸಿಳಿದು ಬಂದದ್ದು ಒಂದನೆಯ ತಾರೀಖು. ಮುದುಕಿ ಕೌದಿ ಹೊಲಿಯುವವರು. ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸಲಾಗದೆ ಆರು ತಿಂಗಳಿಂದ ಕೈಕಟ್ಟಿ ಕೂತಿದ್ದರು. ಮೊಮ್ಮಗಳು ಮುಬಾಶಿರಾಗೆಂದು ಹೊಲಿಯುತ್ತಿದ್ದ ಕೌದಿ ಅರ್ಧಕ್ಕೆ ನಿಂತಿತ್ತು. ಹನ್ನೆರಡನೆಯ ತಾರೀಖು ಶಿಬಿರದಲ್ಲಿ ಕಣ್ಣಿನ ಆಪರೇಷನ್ ಇತ್ತು. ಅದಕ್ಕೆ ನಮ್ಮ ಪ್ರಮಾಣಪತ್ರ ಬೇಕಿತ್ತು.

ಕೋಶದ ನರ್ಸ್ ಶೈಲಜಾ ಸಂಚಿ ಬಿಚ್ಚಿ ನೋಡಿದರು, ನಾಹೀದಾಳ ಫೋನಿನಲ್ಲಿದ್ದ ಡಾಕ್ಟರ ಚೀಟಿಗಳ ಚಿತ್ರಗಳನ್ನೂ ನೋಡಿದರು.

"ಗಂಗಾವತಿ ಡಾಕ್ಟರದೂ ಐತಲ್ಲಬೇ, ಯಾಕ ಹೇಳಿಲ್ಲ?"

"ಇಲ್ಲಿ ಡಾಕ್ಟರ್ ಸಾಹೇಬ್ರು ಬ್ಯಾಸರ ಮಾಡ್ಕೊಂತಾರಂತ ಹೇಳಿಲ್ಲವ್ವ."

"ಬ್ಯಾಸರ ಏನಿಲ್ಲ, ಎಲ್ಲಾ ಹೇಳಬೇಕು." ಶೈಲಜಾ ನನ್ನ ಕಡೆ ತಿರುಗಿದರು. "ನಾಲ್ಕ ಗುಳಿಗಿ ರೀ. ಬಿ.ಪಿ., ಸಕ್ರಿ, ಹೊಟ್ಟಿ ಉರಿ, ರಕ್ತ ತೆಳು ಮಾಡೂದು. ಬರಕೊಂಡು ವಾಪಸ್ ಕೊಡ್ರಿ."

ಐದು ನಿಮಿಷದಲ್ಲಿ ಕೆಲಸ ಮುಗಿಸುವ ಈ ಅಭ್ಯಾಸ ನನಗೆ ಸೇರುವುದಿಲ್ಲ. ಅಮರಪ್ಪನವರಿಗೂ ಸೇರಲಿಲ್ಲ.

"ಬಾಯಿಮಾತಿನ್ಯಾಗ ಸತ್ಯ ಆಗೂದಿಲ್ಲ ಶೈಲಜಾ. ಫೋನಿನ ಚಿತ್ರ ಮೂಲ ಅಲ್ಲ. ಕೊಪ್ಪಳಕ್ಕ ಹೋಗಿ ಬರ್ಲಿ."

ಸಂಚಿಯಲ್ಲಿದ್ದುದನ್ನು ನಾನು ಲಕೋಟೆಗಳಿಗೆ ಹಾಕಿ ಅರಗಿನ ಮುದ್ರೆ ಒತ್ತಿದೆ. ಗುಳಿಗೆ ನಾಲ್ಕು ಬಗೆ. ಐದನೆಯದು ಕಂದು ಬಣ್ಣದ್ದು, ಆಕಾರ ಸರಿಯಿಲ್ಲ, ಗಟ್ಟಿ. ಅದು ಅಡಿಕೆ ಎಂದು ಹಜರತಬೀ ಹೇಳಿದರು. ಪರಿಶೀಲನೆಗೆ ಮೊದಲೇ ಹಾಗೆ ತೀರ್ಮಾನಿಸಲು ಬರುವುದಿಲ್ಲ ಎಂದು ವಿನಯದಿಂದ ತಿಳಿಸಿ ಅದನ್ನೂ ಐದನೆಯ ಔಷಧವೆಂದು ದಾಖಲಿಸಿದೆ. ಲಕೋಟೆಗಳು ಕಪಾಟು ಸೇರಿದವು, ಕಡತ ಕೊಪ್ಪಳಕ್ಕೆ ಹೊರಟಿತು, ಖಾಲಿ ಸಂಚಿಯನ್ನು ಹಿಂದಿರುಗಿಸಲಾಯಿತು.

"ಅಲ್ಲಿತನಕ ನಾ ಏನ್ ನುಂಗ್ಲಿರಿ ಸಾಹೇಬ್ರ?"

"ಏನೂ ನುಂಗಬ್ಯಾಡ," ಎಂದರು ಅಮರಪ್ಪನವರು. "ನುಂಗಿದ್ರ ಹೇಳಿಕಿ ಬದಲಾಗತೈತಿ."

ಶೈಲಜಾ ಇದು ಜೀವಕ್ಕೆ ಅಪಾಯವೆಂದು ಅರ್ಧ ಪುಟದ ಟಿಪ್ಪಣಿ ಬರೆದುಕೊಟ್ಟರು. ಟಿಪ್ಪಣಿ ಏಳನೆಯ ಕಪಾಟಿನಲ್ಲಿ ಸುರಕ್ಷಿತವಾಗಿದೆ.

ಹನ್ನೊಂದನೆಯ ತಾರೀಖು ಹಜರತಬೀ ಸೊಸೆಯ ಹೆಗಲು ಹಿಡಿದುಕೊಂಡು ಮತ್ತೆ ಬಂದರು. ತಲೆ ತಿರುಗುತ್ತದೆ ಎಂದು ಬಾಗಿಲಲ್ಲೇ ಕೂತರು. ಕೊಪ್ಪಳದಿಂದ ಕಡತವೂ ವಾಪಸು ಬಂದಿತ್ತು. ಪರಿಶೀಲನೆ ಆಗಿರಲಿಲ್ಲ. 'ರೋಗಿಯು ಸದ್ಯ ನುಂಗುತ್ತಿರುವ ಔಷಧಗಳು' ಎಂಬ ಅಂಕಣ ಖಾಲಿ ಉಳಿದಿದೆ, ಭರ್ತಿ ಮಾಡಿ ಕಳಿಸಿ ಎಂದು ಆಕ್ಷೇಪಣೆ ಬರೆದಿದ್ದರು.

"ಸದ್ಯ ಏನ್ ನುಂಗತೀರಿ?" ಎಂದು ಕೇಳಿದೆ.

"ಏನೂ ಇಲ್ರೀ. ಎಲ್ಲಾ ನಿಮ್ಮ ಕಪಾಟಿನ್ಯಾಗ ಅದಾವ."

ನಾನು 'ಇಲ್ಲ' ಎಂದು ಬರೆದೆ. ಅಮರಪ್ಪನವರು ಆ ಎರಡಕ್ಷರವನ್ನು ಬಹಳ ಹೊತ್ತು ನೋಡಿದರು. ಬಣ್ಣದ ಗೊಂದಲವಿಲ್ಲ, ಗಂಗಾವತಿಯ ಗುಟ್ಟಿಲ್ಲ, ಪರಿಶೀಲಿಸಲು ಏನೂ ಉಳಿದಿಲ್ಲ. ತಾಲ್ಲೂಕಿನ ಇತಿಹಾಸದಲ್ಲೇ ರೋಗಿಯೊಬ್ಬರು ನೀಡಿದ ಮೊದಲ ಸಂಪೂರ್ಣ ನಿಖರ ಹೇಳಿಕೆ ಅದಾಗಿತ್ತು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಪ್ರಮಾಣಪತ್ರವನ್ನು ಅಲ್ಲೇ, ನಿಂತ ಕಾಲಲ್ಲೇ ಕೊಟ್ಟೆವು.

ಅಂದಿನಿಂದ ಕೊಪ್ಪಳಕ್ಕೆ ಕಡತ ಕಳಿಸುವ ಅಗತ್ಯವೇ ಬೀಳಲಿಲ್ಲ. ಗುಳಿಗೆ ಒಪ್ಪಿಸಿದವರೆಲ್ಲ ಹತ್ತು ದಿನ ಬಿಟ್ಟು ಬಂದು 'ಇಲ್ಲ' ಎನ್ನತೊಡಗಿದರು. ನಿಖರತೆ ನೂರಕ್ಕೆ ನೂರು ಮುಟ್ಟಿತು. ಗಂಗಾವತಿ, ಕುಷ್ಟಗಿಯ ಅಧಿಕಾರಿಗಳು ಅಧ್ಯಯನಕ್ಕೆ ಬಂದು ಕಪಾಟಿನ ಅಂಗಡಿಯ ವಿಳಾಸ ಬರೆದುಕೊಂಡು ಹೋದರು.

ಹನ್ನೆರಡನೆಯ ತಾರೀಖು ಹಜರತಬೀಯ ಆಪರೇಷನ್ ಆಗಲಿಲ್ಲ. ಶಿಬಿರದ ಡಾಕ್ಟರು ಬಿ.ಪಿ. ನೋಡಿ, ಇನ್ನೂರು ದಾಟಿದೆ, ಈಗ ಕಣ್ಣು ಮುಟ್ಟುವಂತಿಲ್ಲ, ಯಾವ ಗುಳಿಗೆ ನುಂಗುತ್ತೀರಿ ಎಂದರಂತೆ. ಮುದುಕಿ ಪ್ರಮಾಣಪತ್ರ ತೋರಿಸಿದರು. ಡಾಕ್ಟರು ತಲೆ ಚಚ್ಚಿಕೊಂಡು ಹಳೆಯ ನಾಲ್ಕೂ ಗುಳಿಗೆಗಳನ್ನು ಹೊಸದಾಗಿ ಬರೆದುಕೊಟ್ಟು, ಮುಂದಿನ ತಿಂಗಳ ಶಿಬಿರಕ್ಕೆ ಬರಲು ಹೇಳಿದರು. ಹೊಸ ಗುಳಿಗೆಗೆ ಹೊಸ ಹೇಳಿಕೆ ಬೇಕಾಗುತ್ತದೆ. ಅದು ನಿಯಮ ಐದು.

ಜನ ಗುಳಿಗೆಗಳನ್ನು ಊರಿಗೆ ಒಯ್ದು ಮತ್ತೆ ತರುವ ಬಸ್ಸಿನ ಖರ್ಚು ಉಳಿಯಲೆಂದು ಕೋಶದ ಗೋಡೆಗೇ ಈಗ ಎರಡು ಕಿಂಡಿ ಕೊರೆಸಿದ್ದೇವೆ. ಮೊದಲನೆಯದರಲ್ಲಿ ಡಾಕ್ಟರ ಚೀಟಿ ನೋಡಿ ಜನರಿಗೆ ಗುಳಿಗೆ ಕೊಡುತ್ತಾರೆ, ಎರಡನೆಯದರಲ್ಲಿ ಅದನ್ನೇ ವಾಪಸು ಒಪ್ಪಿಸಿಕೊಳ್ಳುತ್ತಾರೆ. ಎರಡನೆಯದರಲ್ಲಿ ಶೈಲಜಾ ಕೂರುತ್ತಾರೆ. ಈಚೆಗೆ ಟಿಪ್ಪಣಿ ಬರೆಯುವುದನ್ನು ಬಿಟ್ಟಿದ್ದಾರೆ.

ನಿನ್ನೆ ಹಜರತಬೀ ಒಂದನೆಯ ಕಿಂಡಿಯಲ್ಲಿ ಗುಳಿಗೆ ಇಸಿದುಕೊಂಡು, ಗೋಡೆ ಸವರುತ್ತ ಎರಡನೆಯದಕ್ಕೆ ಬಂದು, ಯಾರೂ ಕೇಳುವ ಮೊದಲೇ ಒಪ್ಪಿಸಿದರು. ಹತ್ತು ದಿನದ ಕಾಯುವಿಕೆಯನ್ನೂ ನಾವು ರದ್ದು ಮಾಡಿರುವುದರಿಂದ ಪ್ರಮಾಣಪತ್ರ ಕೂಡಲೇ ಕೈಗೆ ಸಿಕ್ಕಿತು. ಅದನ್ನು ಮೂಗಿಗೆ ತಾಗಿಸಿಕೊಂಡು ನೋಡಿ, "ಏನ್ ಬರದೀರಿ ಸಾಹೇಬ್ರ?" ಎಂದು ಕೇಳಿದರು.

"ಇವರು ಯಾವ ಔಷಧವನ್ನೂ ಸೇವಿಸುವುದಿಲ್ಲ, ಹೇಳಿಕೆ ಸತ್ಯವಾಗಿದೆ," ಎಂದು ಓದಿ ಹೇಳಿದೆ.

"ಖರೇ ಐತ್ರಿ," ಎಂದರು ಹಜರತಬೀ. ಕಾಗದವನ್ನು ನಾಲ್ಕು ಮಡಿಕೆ ಮಡಚಿ, ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದ ಖಾನೆಯನ್ನು ಬೆರಳಿನಿಂದ ಹುಡುಕಿ ಅದರಲ್ಲಿಟ್ಟುಕೊಂಡರು. ಆಮೇಲೆ ಬಸ್ ನಿಲ್ದಾಣದ ಕಡೆಗೆ ಕೈ ಹಿಡಿದು ನಡೆಸು ಎಂದು ನಾಹೀದಾಗೆ ಹೇಳಿದರು.